ಕೇಳಬಾರದ ದಾರಿ

ಸ್ಟೋಕ್ ಮಾರ್ಲೆ,
ಮಂಗಳವಾರ, ನವೆಂಬರ್ ೧೮

ನನ್ನ ಮುದ್ದು ಲೆಟ್ಟಿ,

ಹೊಳೆದಂಡೆಯ ದಾರಿಯಲ್ಲಿ ಓಡಾಡುವುದನ್ನು ಬಿಟ್ಟೆಯಾ ಎಂದು ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, ಬಿಟ್ಟೆ ಎಂದೆ. ಹಸಿ ಸುಳ್ಳು. ದಿನಾ ಹೋಗುತ್ತಿದ್ದೇನೆ. ಕಾಗದ ಬರೆಯುತ್ತಿರುವುದೂ ಅದಕ್ಕೇ. ಫೋನಿನಲ್ಲಾದರೆ ನನ್ನ ದನಿ ನಡುಗುವುದು ನಿನಗೆ ಗೊತ್ತಾಗುತ್ತದೆ, ಆಮೇಲೆ ನೀನು ನನಗೆ ಮಾತೇ ಆಡಗೊಡುವುದಿಲ್ಲ.

ನಿನ್ನ ದೊಡ್ಡಮ್ಮನ ವಿಷಯವನ್ನೂ ನಿನಗೆ ಪೂರ್ತಿ ಹೇಳಿಲ್ಲ. ಮ್ಯೂರಿಯಲ್‌ಗೆ ಈಗ ಬಲಗಣ್ಣೂ ಹೋಗಿದೆ. ಹೊಳೆಯ ಹಳೆಯ ತೂಬಿನ ಪಕ್ಕದ ಆ ಮನೆಯಲ್ಲಿ ಗೋಡೆ ತಡವಿಕೊಂಡು ಒಬ್ಬಳೇ ಇರುತ್ತಾಳೆ. ನಾನು ಹೋಗಿ ಮೊಟ್ಟೆ ಬೇಯಿಸಿ, ಟೀ ಮಾಡಿ, ಪೇಪರ್ ಓದಿ ಹೇಳಬೇಕು. ಅವಳು ಪೇಪರಿನೊಂದಿಗೆ ಜಗಳ ಆಡಬೇಕು. ಹೊಳೆದಂಡೆಯಲ್ಲಿ ಹೋದರೆ ಅರ್ಧ ಗಂಟೆಯ ನಡಿಗೆ. ರಸ್ತೆಯಲ್ಲಾದರೆ ಸೇತುವೆ ಸುತ್ತಿ ಹತ್ತು ಮೈಲಿ. ಬಸ್ಸು ನಿಂತುಹೋಯಿತು, ಕಾರು ಓಡಿಸುವ ಧೈರ್ಯ ನನಗೆ ಉಳಿದಿಲ್ಲ. ದಿನಾ ಯಾರೂ ಹೋಗಿ ನೋಡದಿದ್ದರೆ ಅವಳನ್ನು ಪೇಟೆಯ ವೃದ್ಧಾಶ್ರಮಕ್ಕೆ ಸೇರಿಸುತ್ತೇವೆ ಎಂದು ನರ್ಸ್ ಆಗಲೇ ಹೇಳಿಬಿಟ್ಟಿದ್ದಾಳೆ. ಸೇರಿಸಿದರೆ ಅವಳು ಈ ಚಳಿಗಾಲ ದಾಟುವುದಿಲ್ಲ, ಲೆಟ್ಟಿ. ಅಕ್ಕನನ್ನು ನಾನು ಬಲ್ಲೆ.

ಹಾಗಾಗಿ ಆ ದಾರಿ ನನಗೆ ಬೇಕೇ ಬೇಕು. ಅದು ಹೋಗುವುದು ಗಿರಣಿ ಹೊಲದ ಮನೆಯ ಅಂಗಳದ ನಡುವೆ. ಈ ಕಡೆ ಒಂದು ಗೇಟು, ಆ ಕಡೆ ಒಂದು ಗೇಟು. ಹೊಲ, ಮನೆ ಎರಡನ್ನೂ ಈಗ ಗ್ಯಾಸ್ಕಿನ್ ಎಂಬಾತ ಕೊಂಡುಕೊಂಡಿದ್ದಾನೆ. ಬಂದವನೇ ತಂತಿ ಬೇಲಿ ಹಾಕಿಸಿದ, ಕರುವಿನೆತ್ತರದ ಎರಡು ನಾಯಿ ತಂದ. ಗೇಟಿನವರೆಗೆ ಬೇಲಿಗೂ ಹೊಳೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ ಉಳಿದಿದೆ, ಪ್ರವಾಹ ಬಂದಾಗಲೆಲ್ಲ ಅದನ್ನೂ ಹೊಳೆ ಸ್ವಲ್ಪ ಸ್ವಲ್ಪ ತಿನ್ನುತ್ತಿದೆ. ಅಂಗಳದ ಹತ್ತಿರ ಅಷ್ಟೂ ಇಲ್ಲ, ಒಳಗಿಂದಲೇ ಹೋಗಬೇಕು. ನೀನು ಚಿಕ್ಕವಳಿದ್ದಾಗ ಮಾಂಸದಂಗಡಿಯವನ ನಾಯಿ ನನ್ನ ತೊಡೆಗೆ ಬಾಯಿ ಹಾಕಿದ್ದು ನಿನಗೆ ನೆನಪಿರಲಿಕ್ಕಿಲ್ಲ. ನನ್ನ ತೊಡೆಗೆ ಚೆನ್ನಾಗಿ ನೆನಪಿದೆ.

ಕಳೆದ ಬೇಸಿಗೆಯಲ್ಲಿ ಗ್ಯಾಸ್ಕಿನ್ ಗೇಟಿಗೆ ಚೆಂದದ ಹಸಿರು ಬೋರ್ಡು ನೇತುಹಾಕಿದ. 'ನಡೆಯುವವರಿಗೆ ಸ್ವಾಗತ, ಮಾಲೀಕರ ಅನುಮತಿಯ ಮೇರೆಗೆ.' ನಮ್ಮೂರಿನ ಜನ ನಿನಗೆ ಗೊತ್ತಲ್ಲ, ಹಿಗ್ಗಿಹೋದೆವು. ಎಂಥ ಸಭ್ಯಸ್ಥ ಎಂದು ಹೊಗಳಿದ್ದೇ ಹೊಗಳಿದ್ದು. ನಾನಂತೂ ಜ್ಯಾಮ್ ಹಚ್ಚಿದ ಕೇಕ್ ಮಾಡಿಕೊಂಡು ಹೋಗಿ ಕೊಟ್ಟುಬಂದೆ. ವಾಪಸು ಬರುವಾಗ ಕಾಲುದಾರಿ ಸಂಘದ ಡೆರೆಕ್ ಪ್ಲಮ್ಲಿ ಎದುರಾದ. ಮೇಷ್ಟರಾಗಿದ್ದವನು, ನಿವೃತ್ತನಾಗಿ ಎಷ್ಟು ಕಾಲವಾದರೂ ಅವನ ಕೈ ಇನ್ನೂ ಸೀಮೆಸುಣ್ಣ ಹುಡುಕುತ್ತದೆ.

"ಕೇಕಾ? ಅವನಿಗೆ ಕೇಕ್ ಕೊಟ್ರಾ? ಥ್ಯಾಂಕ್ಸ್ ಬೇರೆ ಹೇಳಿದ್ರಾ?" ಎಂದು ತಲೆ ಚಚ್ಚಿಕೊಂಡ. ಆ ದಾರಿ ಸರ್ಕಾರದ ನಕಾಶೆಯಲ್ಲಿಲ್ಲವಂತೆ. ಇಪ್ಪತ್ತು ವರ್ಷ ಜನ ಯಾರನ್ನೂ ಕೇಳದೆ, ಕದ್ದುಮುಚ್ಚದೆ, ಬೇಲಿ ಮುರಿಯದೆ ನಡೆದರೆ ಮಾತ್ರ ಅದು ಊರಿನ ದಾರಿ. ಕೇಳಿ ನಡೆದರೆ ಅದು ಮಾಲೀಕನ ಕೃಪೆ, ಬೇಕಾದ ದಿನ ಗೇಟು ಹಾಕಿಬಿಡಬಹುದು. "ಬಯ್ಯೋ ಮಾಲೀಕ ಆದ್ರೆ ನಮಗೆ ಒಳ್ಳೇದು ಕಣ್ರೀ. ಬನ್ನಿ ಬನ್ನಿ ಅನ್ನೋನೇ ಡೇಂಜರ್. ಇನ್ಮೇಲೆ ಯಾರೂ ಅವನ್ನ ಏನೂ ಕೇಳ್ಬೇಡಿ" ಎಂದ.

ಕುರ್ಚಿಗೆ ಕಾಲು ತಗುಲಿದರೂ ಕುರ್ಚಿಗೆ ಸಾರಿ ಹೇಳುವವಳು ನಾನು. ನನಗೆ ಈ ಮಾತು!

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮ್ಯೂರಿಯಲ್ ಫೋನ್ ಎತ್ತಲಿಲ್ಲ. ಓಡುತ್ತ ಗೇಟಿಗೆ ಬಂದರೆ, ಯಾವಾಗಲೂ ಕಟ್ಟಿಹಾಕಿರುತ್ತಿದ್ದ ಎರಡೂ ನಾಯಿ ಅಂಗಳದಲ್ಲಿ ಬಿಡುಬೀಸಾಗಿವೆ. ಗೇಟಿನ ಚಿಲಕ ಹಿಡಿದು ನಿಂತುಬಿಟ್ಟೆ. ಅಕ್ಕ ಬಿದ್ದಿರಬಹುದು, ಒಲೆ ಹತ್ತಿಸಿ ಮರೆತಿರಬಹುದು ಎಂದು ಏನೇನೋ ಯೋಚನೆ. ಅಷ್ಟರಲ್ಲಿ ಗ್ಯಾಸ್ಕಿನ್ ಬಾಗಿಲಿಗೆ ಬಂದ. ನನ್ನ ಬಾಯಿಂದ ಬಂದೇಬಿಟ್ಟಿತು, "ದಯವಿಟ್ಟು, ನಾನು ಈ ಕಡೆಯಿಂದ ಹೋಗ್ಬಹುದಾ?"

"ಅಯ್ಯೋ, ನಿಮಗಿಲ್ಲ ಅಂತೀನಾ ಮಿಸೆಸ್ ಥರ್ಲೊ? ಯಾವಾಗ ಬೇಕಾದ್ರೂ ಬನ್ನಿ. ಒಂದು ಮಾತು ಕೇಳಿ ಅಷ್ಟೆ, ನಾನು ನಾಯಿ ಹಿಡ್ಕೋತೀನಿ."

ಮೊಣಕೈ ಹಿಡಿದು ಆಚೆಯ ಗೇಟಿನವರೆಗೂ ಬಿಟ್ಟ. ಮ್ಯೂರಿಯಲ್ ಫೋನಿನ ರಿಸೀವರ್ ಸರಿಯಾಗಿ ಇಡದೆ ನಿದ್ದೆ ಹೋಗಿದ್ದಳು, ಅಷ್ಟೇ. ಆದರೆ ಅಂದಿನಿಂದ ಗ್ಯಾಸ್ಕಿನ್ ದಿನಾ ನನಗಾಗಿ ಕಾದು ನಿಲ್ಲುತ್ತಾನೆ. ದಿನಾ ಕೇಳುತ್ತೇನೆ, ದಿನಾ ಥ್ಯಾಂಕ್ಸ್ ಹೇಳುತ್ತೇನೆ. ಒಂದು ದಿನ ಕೈ ಹಿಡಿದು ನಡೆಸುತ್ತಲೇ, "ನಾನು ಮನೇಲಿ ಇಲ್ದೇ ಇದ್ದಿದ್ರೆ ಏನ್ಮಾಡ್ತಿದ್ರಿ, ಹೇಳಿ?" ಎಂದು ನಕ್ಕ. ಗದರುವವನಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ನಾಳೆ ಊರಿನ ಹಾಲ್‌ಗೆ ಕೌಂಟಿಯ ಅಧಿಕಾರಿ ಬರುತ್ತಾಳೆ, ದಾರಿಯನ್ನು ನಕಾಶೆಗೆ ಸೇರಿಸಬೇಕೆಂಬ ಸಂಘದ ಅರ್ಜಿಯ ಮೇಲೆ ಹೇಳಿಕೆ ತೆಗೆದುಕೊಳ್ಳಲು. ಪೂರ್ತಿ ಇಪ್ಪತ್ತು ವರ್ಷ ಆ ದಾರಿಯಲ್ಲಿ ನಡೆದವರೆಂದರೆ ಈಗ ಉಳಿದಿರುವುದು ಮುದುಕ ಸೈಲಸ್ ಕಾಬ್ ಮತ್ತು ನಾನು. ಸೈಲಸ್‌ಗೆ ತನ್ನ ಹೆಸರೇ ನೆನಪಿಲ್ಲ. ಎಲ್ಲ ನನ್ನ ಬಾಯಿಯ ಮೇಲೆ ನಿಂತಿದೆ. ಮೊನ್ನೆ ಅಂಗಡಿಯಲ್ಲಿ ಎಲ್ಲರ ಮುಂದೆ ಗ್ಯಾಸ್ಕಿನ್, "ನಿಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀನಿ ಅಂತ ಬುಧವಾರ ಹೇಳ್ತೀರಲ್ಲ?" ಎಂದ. ಪ್ಲಮ್ಲಿ ನನ್ನನ್ನು ಹೊರಗೆ ಕರೆದು, "ಒಂದ್ಸಲನಾದ್ರೂ ಕೇಳಿದ್ರಾ? ನಿಜ ಹೇಳಿ" ಎಂದು ಕೇಳಿದ. ಇಲ್ಲ ಎಂದೆ. ಅವನಿಗೂ ಸುಳ್ಳು, ನಿನಗೂ ಸುಳ್ಳು. ನಾಳೆ ಸಹಿ ಹಾಕಿ ಹೇಳಬೇಕಾದದ್ದು ಮೂರನೆಯದು.

ಮ್ಯೂರಿಯಲ್‌ಗೆ ಎಲ್ಲ ಹೇಳಿದೆ. "ಲೇ ಪೆದ್ದಿ, ನೀನು ಕೇಳಿದ್ದು ನಾಯಿಗೆ ಹೆದರಿ. ದಾರಿಗೋಸ್ಕರ ಯಾವತ್ತು ಕೇಳಿದೀಯ?" ಎಂದಳು. ಅಧಿಕಾರಿಗೆ ಅದು ಅರ್ಥವಾಗುತ್ತದೋ ಇಲ್ಲವೋ. ನಿಜ ಹೇಳಿದರೆ ಅಕ್ಕನನ್ನು ಕಳೆದುಕೊಳ್ಳುತ್ತೇನೆ. ಸುಳ್ಳು ಹೇಳಿದರೆ ಗ್ಯಾಸ್ಕಿನ್ ಅಲ್ಲೇ ಎದ್ದು ನಿಲ್ಲುತ್ತಾನೆ. ನೀನು ಬೈದರೂ ಪರವಾಗಿಲ್ಲ, ನಿನಗೆ ಗೊತ್ತಿರಲಿ ಎಂದು ಬರೆದೆ.

ಹೆದರುಪುಕ್ಕಲಿಯಾದರೂ ನಿನ್ನವಳೇ ಆದ
ಅಮ್ಮ

ತಾ.ಕ. ಗುರುವಾರ. ಕಾಗದ ಅಂಚೆಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ನಿನ್ನೆ ಹಾಲ್‌ನಲ್ಲಿ ನಿಜ ಹೇಳಿಬಿಟ್ಟೆ. ದಿನಾ ಕೇಳುತ್ತೇನೆ ಎಂದೆ. ಪ್ಲಮ್ಲಿ ಮುಖ ಮುಚ್ಚಿಕೊಂಡ. ಅಧಿಕಾರಿ ಚಿಕ್ಕ ಹುಡುಗಿ, ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತ, "ಆ ಬೋರ್ಡು ಬರೋಕೆ ಮುಂಚೆ ಯಾರನ್ನ ಕೇಳ್ತಿದ್ರಿ?" ಎಂದಳು. "ಮುಂಚೆ ಯಾರನ್ನಮ್ಮಾ ಕೇಳೋದು? ಅಲ್ಲಿ ಹಸು ಬಿಟ್ರೆ ಇನ್ಯಾರಿದ್ರು?" ಎಂದೆ. ಜನ ನಕ್ಕರು. ಇಪ್ಪತ್ತು ವರ್ಷವನ್ನು ಬೋರ್ಡು ಬಂದ ದಿನದಿಂದ ಹಿಂದಕ್ಕೆ ಎಣಿಸುತ್ತಾರಂತೆ, ಆಮೇಲೆ ನಾನು ಕೇಳಿದ್ದು ಲೆಕ್ಕಕ್ಕಿಲ್ಲವಂತೆ. ಇಷ್ಟು ದಿನ ಸುಮ್ಮನೆ ಹೆದರಿ ಸತ್ತೆ. ಆದರೆ ತೀರ್ಮಾನವಾಗಿ ನಕಾಶೆಗೆ ಏರಲು ಇನ್ನೂ ಒಂದು ವರ್ಷವಾದರೂ ಬೇಕು.

ಹೊರಗೆ ಬರುವಾಗ ಗ್ಯಾಸ್ಕಿನ್ ನನ್ನ ಕೋಟು ಹಿಡಿದು ತೊಡಿಸಿದ. "ಇನ್ಮೇಲೆ ನೀವು ನನ್ನ ಕೇಳ್ಬೇಕಾಗೇ ಇಲ್ವಲ್ಲ ಮಿಸೆಸ್ ಥರ್ಲೊ. ನಾಯಿ ಹಿಡ್ಕೊಳ್ಳೋ ಕೆಲಸಾನೂ ನನಗಿಲ್ಲ ಬಿಡಿ" ಎಂದ.

ಇವತ್ತು ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಎರಡೂ ನಾಯಿ ನನ್ನ ಸುತ್ತ ಬಂದವು, ಒಂದು ನನ್ನ ಕೈಗೆ ಮೂಗು ಒತ್ತಿತು. ಅವನನ್ನು ನೋಡಲಿಲ್ಲ, ಕರೆಯಲಿಲ್ಲ, ನಡೆದೆ. ಈಗ ಮ್ಯೂರಿಯಲ್‌ಳ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಕತ್ತಲಾಗುವುದರೊಳಗೆ ವಾಪಸು ಹೊರಡಬೇಕು. ಇವತ್ತು ಇಲ್ಲೇ ಇದ್ದುಬಿಡು ಎನ್ನುತ್ತಿದ್ದಾಳೆ ಅಕ್ಕ. ಇಲ್ಲ ಎಂದೆ. ಇವತ್ತು ಉಳಿದರೆ, ಲೆಟ್ಟಿ, ನಾಳೆ ನಾನು ಆ ಗೇಟು ದಾಟುವುದಿಲ್ಲ.