ಪುಟ್ಟ ಗಾಲಿ ಬದಲಿಸಿದ ಮೇಲೆ

ಗೋಡೆಯಾಚೆಯ ಮನೀಷಾಗೆ,

ಒಂದೇ ಗೋಡೆಯ ಆಚೀಚೆ ಇದ್ದುಕೊಂಡು ನೆಗೆಣ್ಣಿಗೆ ಕಾಗದ ಬರೆಯುವುದು ಹುಚ್ಚುತನ ಅಂತ ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಬಸ್ಸಿನಲ್ಲಿ ಮಾತಾಡಿದರೆ ಅರ್ಧ ಬಸವಕಲ್ಯಾಣ ಕೇಳಿಸಿಕೊಳ್ಳುತ್ತದೆ. ಮನೆಯಲ್ಲಿ ಮಾತಾಡೋಣವೆಂದರೆ ನಿಮ್ಮ ಅಂಗಳಕ್ಕೆ ಕಾಲಿಟ್ಟು ವರ್ಷಗಳೇ ಆದವು. ಮೇಲಾಗಿ ದಣಿದಿದ್ದೇನೆ. ದಣಿದವಳ ಬಾಯಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತದೆ, ಬರೆದರೆ ಹೇಗೋ ಮುಗಿಯುತ್ತದೆ.

ಸೋಮವಾರ ನೀನು ಮಾಡಿದ್ದಕ್ಕೆ ನಾನು ಒಂದು ಮಾತೂ ಹೇಳಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಸೈಕಲ್ಲಿನಿಂದಲೇ ಶುರು ಮಾಡಬೇಕು.

ಆ ಮಡಚುವ ಸೈಕಲ್ಲನ್ನು ನೀನು ದಿನಾ ನೋಡುತ್ತೀ. ಹುಮನಾಬಾದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಾಣಿಕನಗರದ ಹತ್ತಿರದ ನಮ್ಮ ಲ್ಯಾಬಿಗೆ ಹೋಗಬೇಕೆಂದರೆ ಆಟೋದವರು ಸೀಟು ತುಂಬುವ ತನಕ ಕದಲುವುದಿಲ್ಲ. ಅಲ್ಲಿ ರಕ್ತ ಪರೀಕ್ಷೆಗೆ ಬೆಳಗಿನಿಂದ ಚಹಾ ಕೂಡ ಕುಡಿಯದೆ ಬಂದು ಕೂತವರು ನನ್ನ ದಾರಿ ಕಾಯುತ್ತಿರುತ್ತಾರೆ. ಅದಕ್ಕೇ, ವರ್ಗವಾಗಿ ಹೊರಟಿದ್ದ ಬ್ಯಾಂಕಿನ ಮೇಡಂ ಒಬ್ಬರಿಂದ ಅದನ್ನು ತೆಗೆದುಕೊಂಡೆ. ಮಡಚಿದರೆ ಅದು ಕೆಳಗಿನ ನಾಲ್ಕು ಪುಟ್ಟ ಗಾಲಿಗಳ ಮೇಲೆ ನಿಲ್ಲುತ್ತದೆ, ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಬಹುದು ಅಂತ ಅವರು ತಮ್ಮ ಪಡಸಾಲೆಯಲ್ಲಿ ಎಳೆದು ತೋರಿಸಿದ್ದರು. ಟೈಲ್ಸಿನ ಮೇಲೆ ಅದು ಚೆನ್ನಾಗಿಯೇ ಉರುಳಿತು.

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಟೈಲ್ಸ್ ಎಲ್ಲಿಂದ ತರಲಿ? ಒಂದು ಜಲ್ಲಿಕಲ್ಲು ಅಡ್ಡ ಬಂದರೆ ಗಾಲಿ ನಿಂತುಬಿಡುತ್ತಿತ್ತು, ಸೈಕಲ್ಲು ಮಗ್ಗುಲಾಗಿ ಬೀಳುತ್ತಿತ್ತು. ಕೊನೆಗೆ ಎತ್ತಿಕೊಂಡೇ ಓಡಬೇಕು. ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ಬಸ್ಸಿನ ಗರ್ದಿ ಹೇಗಿದೆ ಎಂದು ನಿನಗೆ ಬೇರೆ ಹೇಳಬೇಕಿಲ್ಲ. ಆ ಗರ್ದಿಯಲ್ಲಿ ಅಷ್ಟು ಭಾರ ಎತ್ತಿ ಎತ್ತಿ ನನ್ನ ಬಲಭುಜ ಕೈಕೊಟ್ಟಿತು. ತಲೆ ಬಾಚಿಕೊಳ್ಳಲು ಕೈ ಮೇಲೇಳುವುದಿಲ್ಲ. ಕೆಲಸ ಬಿಡಬೇಕು, ಇಲ್ಲವೇ ಸೈಕಲ್ಲು ಮಾರಬೇಕು ಅನ್ನುವಲ್ಲಿಗೆ ಬಂದಿದ್ದೆ.

ಗಾಂಧಿ ಚೌಕದ ಕಡೆ ಸೈಕಲ್ ರಿಪೇರಿ ಮಾಡುವ ಗಯಾಸುದ್ದೀನ್ ಅದನ್ನು ತಿರುಗಿಸಿ ನೋಡಿ, “ಇವಕ್ಕ ಗಾಲಿ ಅಂತಾರೇನ್ರಿ ಬಾಯಾರ, ಅಂಗಿ ಗುಂಡಿ ಇದ್ದಂಗ ಅವ” ಅಂದ. ಮೊದಲು ಸೂಟ್‌ಕೇಸಿನ ಗಾಲಿ ಹಾಕಿಕೊಟ್ಟ, ವಾರದೊಳಗೆ ಸೀಳಿದವು. ಆಮೇಲೆ ಯಾರದೋ ಹಳೆಯ ಸ್ಕೇಟಿಂಗ್ ಬೂಟಿನ ಗಾಲಿಗಳನ್ನು ಬಿಚ್ಚಿ, ಉದ್ದನೆಯ ಬೋಲ್ಟ್ ತಂದು ನಾಲ್ಕಕ್ಕೂ ಕೂರಿಸಿದ. ಅವು ದೊಡ್ಡವು, ಒಳಗೆ ಬೇರಿಂಗ್ ಬೇರೆ. ಎರಡು ಬೆರಳಲ್ಲಿ ಎಳೆದರೆ ಸೈಕಲ್ಲು ಹಿಂದೆ ಹಿಂದೆ ಬರುತ್ತಿತ್ತು. ಭುಜದ ನೋವು ಹೋಯಿತು ಅಂತಲ್ಲ, ಸಂಜೆಗೆ ಸ್ವಲ್ಪ ಕಡಿಮೆಯಾಯಿತು. ನಮ್ಮ ವಯಸ್ಸಿನಲ್ಲಿ ಅಷ್ಟಾದರೆ ಅದೇ ಹಬ್ಬ.

ಮೈದುನ ಬಸವಕುಮಾರನಿಗೆ ಲಕ್ವಾ ಹೊಡೆದು, ನೀನು ಮಾಣಿಕನಗರದ ಶಾಲೆಯ ಆಫೀಸಿಗೆ ಸೇರಿದಾಗಿನಿಂದ ನಮ್ಮಿಬ್ಬರದೂ ಒಂದೇ ಬಸ್ಸು. ನೀನು ಮುಂದೆ ಕೂತರೆ ನಾನು ಹಿಂದೆ ಕೂರುತ್ತೇನೆ. ಹುಮನಾಬಾದದಲ್ಲಿ ಇಳಿದು ನೀನು ನಡೆಯುತ್ತೀ, ನಾನು ಸೈಕಲ್ಲು ಬಿಚ್ಚಿಕೊಂಡು ನಿನ್ನ ಪಕ್ಕದಲ್ಲೇ ದಾಟಿ ಹೋಗುತ್ತೇನೆ. ಮನೆ ಪಾಲಾಗುವಾಗ ಗೋಡೆ ಎಲ್ಲಿ ಬರಬೇಕು ಅನ್ನುವುದಕ್ಕೆ ನಮ್ಮ ಗಂಡಂದಿರು, ಅಣ್ಣ ತಮ್ಮ, ಮಾತು ಬಿಟ್ಟರು. ನೀನು, ನಾನು ಜಗಳವಾಡಿದ್ದು ನನಗೆ ನೆನಪೇ ಇಲ್ಲ. ಅವರು ಬಿಟ್ಟರು ಅಂತ ನಾವೂ ಬಿಟ್ಟೆವು. ಆಮೇಲೆ ಅದೇ ರೂಢಿಯಾಯಿತು.

ಸೋಮವಾರ ಹಬ್ಬದ ಮರುದಿನ. ಬಸ್ಸಿನ ನಡುವಿನ ದಾರಿ ಎಂದೂ ಇಲ್ಲದಷ್ಟು ಖಾಲಿಯಿತ್ತು. ಸೈಕಲ್ಲನ್ನು ನನ್ನ ಸೀಟಿನ ಪಕ್ಕ ನಿಲ್ಲಿಸಿ, ಅದರ ಸೀಟಿನ ಕಂಬಿಗೆ ಕೈ ಇಟ್ಟು, ಕಣ್ಣು ಮುಚ್ಚಿದ್ದೆ. ರಾಜೇಶ್ವರ ಸ್ಟಾಪಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ. ಕಣ್ಣು ಬಿಡುವುದರೊಳಗೆ ಸೈಕಲ್ಲು ನನ್ನ ಕೈ ಬಿಟ್ಟು ನಡುವಿನ ದಾರಿಯಲ್ಲಿ ಓಡುತ್ತಿತ್ತು. ಜನ ಕಾಲು ಎತ್ತಿಕೊಂಡರು. ಮುದುಕಿಯೊಬ್ಬಳು ದೇವರ ಹೆಸರು ಹೇಳಿದಳು. ಅದು ಡ್ರೈವರನ ಹತ್ತಿರ ಹೋಗಿ ಬಡಿಯುವುದರೊಳಗೆ ನೀನು ಸೀಟಿನಿಂದ ಬಗ್ಗಿ ಎರಡೂ ಕೈಯಲ್ಲಿ ಅದನ್ನು ತಡೆದೆ.

ಅದು ಯಾರದೆಂದು ನಿನಗೆ ಗೊತ್ತಿತ್ತು. ಕಂಡಕ್ಟರನ ಹತ್ತಿರ ಸರಿಸಿ ಸುಮ್ಮನೆ ಕೂತುಬಿಡುತ್ತೀ ಅಂದುಕೊಂಡೆ. ಆತ ಇನ್ನೊಮ್ಮೆ ಇಂಥದ್ದು ತಂದರೆ ಬಸ್ಸೇ ಹತ್ತಿಸುವುದಿಲ್ಲ ಅಂತ ಎಲ್ಲರೆದುರು ಕೂಗಾಡುತ್ತಿದ್ದ. ನನಗೆ ಎದ್ದು ಬರುವ ಶಕ್ತಿಯೂ ಇರಲಿಲ್ಲ. ಆಗ ನೀನು ದನಿ ಏರಿಸದೆ ಹೇಳಿದೆ:

“ಇರ್ಲಿ ಬಿಡ್ರಿ. ನಮ್ಮ ಅಕ್ಕಾಂದು ಅದು. ನಾ ಹಿಡ್ಕೊಂಡ್ ಕೂಡ್ತೀನಿ.”

ಹುಮನಾಬಾದದವರೆಗೆ ನೀನು ಅದನ್ನು ಮೊಣಕಾಲಿಗೆ ಆನಿಸಿ ಹಿಡಿದುಕೊಂಡೇ ಕೂತಿದ್ದೆ. ನಿನ್ನ ಸೀರೆಗೆ ಚೈನಿನ ಎಣ್ಣೆ ತಾಗಿದ್ದನ್ನು ಇಳಿಯುವಾಗ ನೋಡಿದೆ. ಆ ದಿನ ನಾನು ಸೈಕಲ್ಲು ಬಿಚ್ಚಲಿಲ್ಲ, ಎಳೆದುಕೊಂಡೇ ನಿನ್ನ ಜೊತೆ ನಡೆದೆ. ನಿನ್ನ ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿತ್ತು. ನೀನು ನನ್ನ ಭುಜ ನೋಡುತ್ತಿದ್ದೆ. ಕೇಳುವುದು ಬಹಳ ಇತ್ತು, ಎಲ್ಲಿಂದ ಶುರು ಮಾಡುವುದೋ ಗೊತ್ತಾಗಲಿಲ್ಲ. ಲ್ಯಾಬಿನ ತಿರುವಿನಲ್ಲಿ ನೀನು “ಬರ್ತೀನ್ರಿ ಅಕ್ಕಾ” ಅಂದೆ. ನಾನು ಬರೀ ತಲೆ ಆಡಿಸಿದೆ.

ಸಂಜೆ ನಿನ್ನ ಭಾವನಿಗೆ ಎಲ್ಲ ಹೇಳಿದೆ. ಅವರು ಸೈಕಲ್ಲನ್ನು ಅಂಗಳದಲ್ಲಿ ಮಲಗಿಸಿ, ಹೊಸ ಗಾಲಿಗಳಲ್ಲಿ ಎರಡನ್ನು ಬಿಚ್ಚಿ ಆ ಜಾಗಕ್ಕೆ ಮೊದಲಿದ್ದ ರಬ್ಬರಿನ ಪುಟ್ಟ ಗಾಲಿಗಳನ್ನೇ ಹಾಕಲು ಕೂತರು. ಓರೆ ಮಾಡಿ ಎಳೆದರೆ ಹೊಸವು ಉರುಳುತ್ತವೆ, ನಿಲ್ಲಿಸಿದರೆ ಹಳೆಯವು ನೆಲ ಹಿಡಿಯುತ್ತವೆ. ಈಗ ಬ್ರೇಕ್ ಹಾಕಿದರೂ ಅದು ಓಡುವುದಿಲ್ಲ. ನಟ್ಟು ಬಿಗಿಯುತ್ತ, ತಲೆ ಎತ್ತದೆ ಕೇಳಿದರು: “ಬಸು ಹ್ಯಾಂಗ ಅದಾನಂತ ಕೇಳ್ದೇನು?”

ಇಲ್ಲ ಅಂದೆ. ಎಷ್ಟೋ ಹೊತ್ತು ಆ ಒಂದೇ ನಟ್ಟನ್ನು ಬಿಗಿಯುತ್ತಿದ್ದರು. ಆಮೇಲೆ ನನಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೇಳಿದರು. ಬಸವಕುಮಾರ ಬೀದರಿನ ಆಸ್ಪತ್ರೆಯಲ್ಲಿದ್ದಾಗ ಇವರು ಎಳನೀರು ತೆಗೆದುಕೊಂಡು ಹೋಗಿದ್ದರಂತೆ. ವಾರ್ಡಿನ ಬಾಗಿಲಲ್ಲಿ ನಿಂತರಂತೆ. ನೀನು ಬೆನ್ನು ಈ ಕಡೆ ಮಾಡಿ ಬಸವಕುಮಾರನ ಗಡ್ಡ ಹೆರೆಯುತ್ತಿದ್ದೆ, ಅವನ ಬಾಯಿ ಒಂದು ಕಡೆಗೆ ಎಳೆದಿತ್ತು. ಇವರಿಗೆ ಒಳಗೆ ಬರಲು ಆಗಲಿಲ್ಲ. ಎಳನೀರನ್ನು ಹೊರಗೆ ಕೂತಿದ್ದ ಯಾರಿಗೋ ಕೊಟ್ಟು ಬಸ್ಸು ಹತ್ತಿದರಂತೆ. ಅಣ್ಣ ಬರಲೇ ಇಲ್ಲ ಅಂತ ನೀವಿಬ್ಬರೂ ಅಂದುಕೊಂಡಿದ್ದೀರಿ. ಬಂದಿದ್ದರು, ಮನೀಷಾ. ಬಾಗಿಲವರೆಗೆ ಬಂದಿದ್ದರು.

ಅದಕ್ಕೇ ಈ ಕಾಗದ. ಬಸವಕುಮಾರ ಹೇಗಿದ್ದಾನೆ? ಬಲಗೈ ಸ್ವಲ್ಪವಾದರೂ ಎತ್ತುತ್ತಾನಾ? ರಾತ್ರಿ ನೀನು ಅವನನ್ನು ಮಗ್ಗುಲು ತಿರುಗಿಸುವಾಗ ಮಂಚದ ಸದ್ದು ನಮಗೆ ಕೇಳುತ್ತದೆ. ನಿನ್ನ ಭಾವನೂ ಎಚ್ಚರಾಗಿರುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಮಲಗಿದ ಹಾಗೆ ತೋರಿಸಿಕೊಳ್ಳುತ್ತೇವೆ.

ಭಾನುವಾರ ಊಟವಾದ ಮೇಲೆ ನಿಮ್ಮ ಅಂಗಳದ ಕದಕ್ಕೆ ಚಿಲಕ ಹಾಕಬೇಡ. ಅವರನ್ನು ನಾನೇ ಕರೆದುಕೊಂಡು ಬರುತ್ತೇನೆ. ಏನೂ ಮಾಡಿಡಬೇಡ, ಚಹಾನೂ ಬೇಡ. ಅಣ್ಣ ತಮ್ಮ ಮಾತಾಡಿದರೆ ಆಡಲಿ, ಇಲ್ಲದಿದ್ದರೆ ಸುಮ್ಮನೆ ಕೂತಿರಲಿ. ಅವನನ್ನು ತಿರುಗಿಸಲು ಅಣ್ಣನ ಕೈ ಇರುತ್ತದೆ. ಅಷ್ಟು ಹೊತ್ತು ನೀನು ಒಳಕೋಣೆಗೆ ಹೋಗಿ ಮಲಗು. ನಾನು ಹೊರಗೆ ಕೂತಿರುತ್ತೇನೆ, ಯಾರೂ ನಿನ್ನನ್ನು ಎಬ್ಬಿಸದಂತೆ ನೋಡಿಕೊಳ್ಳುತ್ತೇನೆ.

ನಿನ್ನ ಗಂಡ ಎದ್ದು ಕೂರುವಂತಾಗಲಿ. ನಿನ್ನ ಕಣ್ಣಿಗೆ ತುಂಬ ನಿದ್ದೆ ಬರಲಿ.

ನಿನ್ನ ಅಕ್ಕಾ,
ಅನುರಾಧಾ