ಬಿಚ್ಚಿದ ಬುಟ್ಟಿ ಮತ್ತು ನನ್ನ ನಾಯಕತ್ವ

ಮೂಲನಿವಾಸಿ ಉದ್ಯಮಗಳ ಇಲಾಖೆಯ ಮಾನ್ಯ ನಿರ್ದೇಶಕರೇ,

ನನಗೆ ನಾಯಕತ್ವದ ಗುಣವಿಲ್ಲವೆಂದು ತಾವು ಲಿಖಿತವಾಗಿ ತಿಳಿಸಿದ್ದೀರಿ. ನನ್ನ ಹೆಂಡತಿ ಇದನ್ನು ಇಪ್ಪತ್ತು ವರ್ಷಗಳಿಂದ ಬಾಯಿಮಾತಿನಲ್ಲಿ ಹೇಳುತ್ತಿದ್ದಳು. ಈಗ ಮೊಹರು ಬಿದ್ದಿದೆಯೆಂದು ಪತ್ರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಕಾರಣಕ್ಕೆ, ನಮ್ಮ ಬೆತ್ತದ ಬುಟ್ಟಿಯ ಕೆಲಸ ನಡೆಯುವ ಸರ್ಕಾರಿ ಶೆಡ್ಡನ್ನು ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದೀರಲ್ಲ, ತಕರಾರು ಅಲ್ಲಿದೆ. ಅಲ್ಲಿ ಮೂವತ್ತೊಂದು ಜನ ಕೂತು ಹೆಣೆಯುತ್ತಾರೆ. ನನ್ನ ಗುಣದೋಷಕ್ಕೆ ಅವರೇಕೆ ಬೀದಿಗೆ ಬೀಳಬೇಕು?

ತಪಾಸಣೆಗೆ ತಮ್ಮ ಅಧಿಕಾರಿ ಬಂದ ದಿನ ನಾನು ಟೈ ಕಟ್ಟಿದ್ದೆ. ತಮ್ಮದೇ ಕಚೇರಿಯ ಮೂರು ದಿನದ ನಾಯಕತ್ವ ಶಿಬಿರದಲ್ಲಿ ಕಲಿತದ್ದರಲ್ಲಿ ಅದೊಂದೇ ನನ್ನ ತಲೆಯಲ್ಲಿ, ಅಂದರೆ ಕುತ್ತಿಗೆಯಲ್ಲಿ, ಉಳಿದಿತ್ತು. 'ದೂರದೃಷ್ಟಿ' ಎಂಬ ಪದವನ್ನು ಒಂಬತ್ತು ಸಲ ಬಳಸಿದೆ. ಅಧಿಕಾರಿ ತಲೆದೂಗಿದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹೊಗಳಿಸಿಕೊಳ್ಳುವ ಚಪಲ ನೋಡಿ, ಟೈಯನ್ನು ಹೆಗಲ ಮೇಲೆ ಎಸೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ನಾನೇ ಒಂದು ಬುಟ್ಟಿ ಹೆಣೆದು ತೋರಿಸುತ್ತೇನೆ ಎಂದುಬಿಟ್ಟೆ. ತೋರಿಸಿದೆ ಕೂಡ. ಅಧಿಕಾರಿ ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡರು.

ನಮ್ಮ ಜನರಲ್ಲಿ ಒಂದು ಪದ್ಧತಿಯಿದೆ. ಬುಟ್ಟಿ ತಪ್ಪಾದರೆ ಯಾರೂ ಬೈಯುವುದಿಲ್ಲ. ಕೈ ಪಳಗಿದವರು ಬಂದು ಸುಮ್ಮನೆ ಬಿಚ್ಚುತ್ತಾರೆ. ಹೆಣೆದವನು ನಿನ್ನೆ ಸೇರಿದವನಿರಲಿ, ಮಾಲೀಕನಿರಲಿ, ಬಿಚ್ಚಿದ ಬೆತ್ತವನ್ನು ನೀರಿನಲ್ಲಿ ನೆನೆಸಿ ಮತ್ತೆ ಕೂರಬೇಕು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ನನ್ನ ಸೋದರತ್ತೆ. ಅವರು ಎದ್ದು ಬಂದು, ಅಧಿಕಾರಿಯ ಕೈಯಿಂದ ಬುಟ್ಟಿ ತೆಗೆದುಕೊಂಡು, ಮಗುಚಿ ತಳ ನೋಡಿ, ಅಲ್ಲೇ ನಿಂತು ಬಿಚ್ಚತೊಡಗಿದರು.

"ಅತ್ತೆ, ಸಾಹೇಬ್ರು ನೋಡ್ತಿದಾರೆ," ಎಂದು ಪಿಸುಗುಟ್ಟಿದೆ.

"ನೋಡ್ಲಿ ಬಿಡೋ. ನೀನು ಮಾತಲ್ಲಿ ಚೆನ್ನಾಗಿ ಹೆಣೀತೀಯ. ಬೆತ್ತದಲ್ಲಿ ಇನ್ನೊಂದ್ಸಲ ಹೆಣಿ."

ಉಳಿದ ಮೂವತ್ತು ಜನ ತಲೆ ಬಗ್ಗಿಸಿ ನಕ್ಕರು. ಈ ಹೆಂಗಸಿನ ಹುದ್ದೆ ಏನೆಂದು ಅಧಿಕಾರಿ ಕೇಳಿದರು. ಒಂಬತ್ತು ಸಲ ದೂರದೃಷ್ಟಿ ಎಂದಿದ್ದ ಬಾಯಿಂದಲೇ 'ಅತ್ತೆ' ಎಂದೆ. ಅವರು ಪೆನ್ನು ತೆಗೆದು ಬರೆದುಕೊಂಡರು: 'ಮಾಲೀಕರಿಗೆ ಕೆಲಸಗಾರರ ಮೇಲೆ ಹಿಡಿತವಿಲ್ಲ.'

ಈಗ ತಪ್ಪೊಪ್ಪಿಗೆ. ಶೆಡ್ಡನ್ನು ಮುಂದುವರಿಸಲು ಕೋರಿ ಹಾಕಿದ ಅರ್ಜಿಯಲ್ಲಿ ನಾನು 'ಏಳನೇ ವಯಸ್ಸಿನಿಂದ ನುರಿತ ಹೆಣಿಗೆಗಾರ' ಎಂದು ಬರೆದಿದ್ದೆ. ನಿಜವೇನೆಂದರೆ, ಏಳನೇ ವಯಸ್ಸಿನಲ್ಲಿ ನನ್ನ ಕೈ ನೋಡಿದ ಇದೇ ಅತ್ತೆ, ಇವನನ್ನು ಬುಟ್ಟಿ ಮಾರಲು ಕಳಿಸಿ, ಬೆತ್ತವಾದರೂ ಉಳಿಯುತ್ತದೆ ಎಂದಿದ್ದರು. ಇಡೀ ಅರ್ಜಿಯಲ್ಲಿ ಇದ್ದದ್ದು ಆ ಒಂದೇ ಸುಳ್ಳು. ತಾವು ನಂಬಿದ್ದೂ ಅದೊಂದನ್ನೇ. ಹನ್ನೊಂದು ವರ್ಷಗಳಲ್ಲಿ ಹೋಟೆಲು, ಬೇಕರಿಗಳಿಗೆ ಕಳಿಸಿದ ಬುಟ್ಟಿಗಳಲ್ಲಿ ಒಂದೂ ವಾಪಸ್ಸು ಬಂದಿಲ್ಲ ಎಂಬ ಸತ್ಯದ ಪಕ್ಕದಲ್ಲಿ ತಮ್ಮವರು ಪ್ರಶ್ನೆಚಿಹ್ನೆ ಹಾಕಿದ್ದಾರೆ. ಹೇಗೆ ಬಂದೀತು ಸ್ವಾಮಿ? ಕೆಟ್ಟ ಬುಟ್ಟಿ ನಮ್ಮ ಬಾಗಿಲನ್ನೇ ದಾಟುವುದಿಲ್ಲವಲ್ಲ. ತಮ್ಮ ಕಚೇರಿಯ ಬಾಗಿಲು ದಾಟುವ ಆದೇಶಗಳನ್ನು ಯಾರಾದರೂ ಹೀಗೆ ಮಗುಚಿ ನೋಡುತ್ತಾರೆಯೇ? ಮಾಲೀಕನ ತಪ್ಪನ್ನು ಮಾಲೀಕನ ಎದುರೇ ಬಿಚ್ಚುವವರಿರುವ ಜಾಗದಲ್ಲಿ ನಾಯಕತ್ವವಿಲ್ಲವೆಂದರೆ, ಅದು ಇನ್ನೆಲ್ಲಿದೆ, ನನ್ನ ಟೈಯಲ್ಲೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅರ್ಜಿಯ 'ನಾಯಕರು' ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು ಹೊಡೆದುಹಾಕಿ, ಅತ್ತೆಯ ಹೆಸರು ಬರೆದು, ಶೆಡ್ಡನ್ನು ನಮಗೇ ಉಳಿಸಿಕೊಡಿ. ಅವರು ಶಿಬಿರಕ್ಕೆ ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ತಮ್ಮ ಆದೇಶ ತಪ್ಪಾಗಿ ಹೆಣೆದದ್ದು; ಅದನ್ನು ಬಿಚ್ಚಿ. ಅವಮಾನವೇನೂ ಆಗುವುದಿಲ್ಲ. ಅನುಭವಸ್ಥನಾಗಿ ಹೇಳುತ್ತಿದ್ದೇನೆ, ಮೊದಲ ಸಲ ಮಾತ್ರ ಕಿವಿ ಬಿಸಿಯಾಗುತ್ತದೆ.

ತಮ್ಮ ಮೇಜಿನ ಕೆಳಗಿನ ಕಸದ ಬುಟ್ಟಿ ಅತ್ತೆಯೇ ಹೆಣೆದದ್ದು. ಈ ಪತ್ರ ಅಲ್ಲಿಗೇ ಹೋದರೂ ಕೆಳಗೆ ಬೀಳುವುದಿಲ್ಲ, ತಳ ಗಟ್ಟಿಯಿದೆ. ಮತ್ತೆ ಎತ್ತಿಕೊಂಡು ಓದಬಹುದು.

ಇಂತಿ,
ಅತ್ತೆಯಿಂದ ಮೂರು ಸಲ ಬಿಚ್ಚಿಸಿಕೊಂಡು, ಬೆತ್ತ ನೆನೆಯಲಿಟ್ಟು ನಾಲ್ಕನೆಯ ಬುಟ್ಟಿಗೆ ಕಾಯುತ್ತಿರುವ,
ಹಿಡಿತವಿಲ್ಲದ ಮಾಲೀಕ