ಸೀಟುಕಂಬದ ಗೆರೆ

ಜೂನ್ 9

ಮೈ ಡಿಯರ್ ಪುಟ್ಟಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಾನಿಲ್ಲಿ ಇದ್ದೀನಿ. ನೀನಲ್ಲಿ ಚೆನ್ನಾಗಿದ್ದೀಯ ಅಂತ ಅಂದುಕೊಂಡಿದ್ದೀನಿ. ಫೋನು ಎತ್ತದವರ ವಿಷಯದಲ್ಲಿ ಅಂದುಕೊಳ್ಳುವುದಷ್ಟೇ ಉಳಿಯುವುದು. ಈ ಕಾಗದ ಹದಿನೈದು ದಿನದ ಹಿಂದೆಯೇ ಬರೆಯಬೇಕಿತ್ತು. ಐ ಬೆಗ್ ಟು ಬಿ ಎಕ್ಸ್‌ಕ್ಯೂಸ್ಡ್. ಬರೆಯಲು ಕೂತರೆ ಎರಡನೇ ಸಾಲಿಗೆ ನಿಮ್ಮಮ್ಮ ಬಂದುಬಿಡುತ್ತಾಳೆ, ಪೆನ್ನಿನ ಮುಚ್ಚಳ ಹಾಕಿಬಿಡುತ್ತೇನೆ. ಆಸ್ಪತ್ರೆಯವರು ಕೊಟ್ಟ ಅವಳ ಚಪ್ಪಲಿ ಇನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹಿಂದೆ ಇದೆ. ಮೂರು ತಿಂಗಳಾಯಿತು.

ಸೈಕಲ್ಲಿನ ಮಾತಿಗೆ ಬರುತ್ತೇನೆ, ನೀನು ಕೋಪ ಮಾಡಿಕೊಂಡಿರುವುದೂ ಅದಕ್ಕೇ ತಾನೆ. ಅವಳು ಅಂಗಡಿಗೆ ಹೇಳಿಹೋಗಿದ್ದ ಸೈಕಲ್ಲು ಅವಳು ಹೋದ ಎರಡು ತಿಂಗಳ ಮೇಲೆ ಬಂತು. ಉದ್ದದ ರಟ್ಟಿನ ಪೆಟ್ಟಿಗೆ, ಮೇಲೆ ಅವಳ ಹೆಸರು. ತಂದವನು 'ಅವರೇ ಸಹಿ ಮಾಡಬೇಕು' ಅಂತ ಹಟ ಹಿಡಿದ. ಅವರು ಇಲ್ಲಪ್ಪ ಅಂದೆ. 'ಯಾವಾಗ ಬರ್ತಾರೆ?' ಅಂದ. ನಾನೇ ಸಹಿ ಹಾಕಿದೆ.

ರೋಡ್ ಬೈಕ್ ಅನ್ನುತ್ತಾರೆ. ಬೈಕ್ ಅಂದರೆ ಪೆಟ್ರೋಲಿನದ್ದಲ್ಲ, ತುಳಿಯುವುದೇ. ಟಗರಿನ ಕೊಂಬಿನಂಥ ಹ್ಯಾಂಡಲ್, ಬೆರಳಿನಷ್ಟು ಸಣ್ಣ ಟೈರು, ತಿಳಿ ಬೂದು ಬಣ್ಣ. ಒಂದೇ ಕೈಯಲ್ಲಿ ಎತ್ತಬಹುದು. ನಮ್ಮ ಬೀದಿ ಕೊನೆಯ ರಿಪೇರಿ ಅಂಗಡಿಯವನು ಜೋಡಿಸಿಕೊಟ್ಟ. ಅವನನ್ನು ಎಲ್ಲರೂ ಡಾಕ್ಟ್ರು ಅನ್ನುವುದು. ಫ್ರೇಮಿಗೆ ಒಂದು ಕೋಲು ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳುತ್ತಾನೆ. 'ಸ್ವಲ್ಪ ಚಿಕ್ಕದಾಯ್ತಲ್ವಾ ಸಾರ್ ನಿಮಗೆ?' ಅಂದ. ರೇಸಿನ ಸೈಕಲ್ಲು ಚಿಕ್ಕದೇ ಇರುತ್ತದೆ, ಪೇಪರಿನಲ್ಲಿ ಓದಿದ್ದೇನೆ ಅಂದೆ. ಎದುರುಮನೆಯ ಹೆಡ್‌ಮಾಸ್ತರಂತೂ ಗೇಟಿಗೆ ಆತುಕೊಂಡು, 'ಏನ್ರೀ, ಕರಡಿ ಸರ್ಕಸ್ಸಿಂದ ಎಷ್ಟು ಹೊತ್ತಿಗೆ ತಪ್ಪಿಸ್ಕೊಂಡಿತು?' ಅಂದರು. ನಗಲಿ. ಅರವತ್ನಾಲ್ಕಕ್ಕೆ ನಾನು ದಿನಾ ಎಂಟು ಕಿಲೋಮೀಟರು ತುಳಿಯುತ್ತಿದ್ದೇನೆ, ಅವರು ಗೇಟಿನ ತನಕ ಬರುವುದಕ್ಕೇ ಏದುಸಿರು.

ಒಂದೇ ತೊಂದರೆ. ಕಿರ್ ಅನ್ನುತ್ತದೆ. ಬಲಗಾಲು ಕೆಳಕ್ಕೆ ಹೋದಾಗಲೆಲ್ಲ ಒಂದು ಕಿರ್. ಹೊಸದು, ಹೊಂದಿಕೊಳ್ಳಬೇಕು ಅಂತ ಸುಮ್ಮನಿದ್ದೇನೆ. ಮದುವೆಯಾದ ಹೊಸದರಲ್ಲಿ ನಾವೂ ಹಾಗೇ ಇದ್ದೆವು.

ನೀನು ಮೊನ್ನೆ ಫೋನಿನಲ್ಲಿ, 'ಅಪ್ಪಾ, ಅದು ನಿನಗೆ ಆಗಲ್ಲ, ನನಗೆ ಕೊಟ್ಟುಬಿಡು' ಅಂದೆ. ಹೇಗೆ ಕೊಡಲಿ ಮಗು? ಮೂವತ್ತಾರು ವರ್ಷದಲ್ಲಿ ನಿಮ್ಮಮ್ಮ ನನಗೇ ಅಂತ ಕೊಂಡ ಒಂದು ವಸ್ತು ಅದು. ಬೇರೆ ಏನು ಬೇಕಾದರೂ ಕೇಳು, ಒಡವೆ, ಸೀರೆ, ಹೊಲಿಗೆ ಮೆಷಿನ್ನು. ನೀನು 'ಸರಿ ಬಿಡು' ಅಂತ ಇಟ್ಟೆ. ಆಮೇಲೆ ಎತ್ತಲೇ ಇಲ್ಲ. ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿರುವ ಮಗಳಿಗೆ ಅಂಚೆಚೀಟಿ ಹಚ್ಚುವ ಹಾಗಾಯಿತು.

ಮೊಮ್ಮಗಳ ಕೆನ್ನೆಗೊಂದು ಮುತ್ತು.

ಇತಿ,
ನಿನ್ನ ಅಪ್ಪ

ಆಗಸ್ಟ್ 21

ಮೈ ಡಿಯರ್ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಉತ್ತರ ಬರಲಿಲ್ಲ. ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಅಂತ ಶುರುಮಾಡುವುದು ನನಗೆ ಕೈಗೆ ಅಂಟಿದ ಅಭ್ಯಾಸ, ರೆಫರೆನ್ಸೇ ಇಲ್ಲದೆ ಬರೆಯುತ್ತಿದ್ದೇನೆ. ನಿನ್ನ ಗಂಡ ಒಮ್ಮೆ ಫೋನು ಮಾಡಿ, 'ಮಾವ, ಅವಳಿಗೆ ಸ್ವಲ್ಪ ಟೈಮ್ ಕೊಡಿ' ಅಂದ. ಕೊಡುತ್ತಿದ್ದೇನೆ. ನನ್ನ ಹತ್ತಿರ ಈಗ ಇರುವುದೂ ಅದೇ.

ಆ ಕಿರ್ ಹೋಗಲಿಲ್ಲ ಕಣೆ. ಜಾಸ್ತಿಯಾಯಿತು. ಮೊದಲು ಪೆಡಲು ಅಂದುಕೊಂಡೆವು, ಬಿಚ್ಚಿ ಗ್ರೀಸು ಹಚ್ಚಿದೆವು. ಆಮೇಲೆ ಪೆಡಲಿನ ನಡುವಿನ ಅಚ್ಚು. ಡಾಕ್ಟ್ರು ಕೋಲು ಹಚ್ಚಿ ಕಣ್ಣು ಮುಚ್ಚಿಕೊಂಡು ಕೇಳಿ, 'ಸಾರ್, ಸೈಕಲ್ಲಿನ ಕಿರಿಕಿರಿ ಅಂದ್ರೆ ಸಂಸಾರದ ಜಗಳ ಇದ್ದಂಗೆ. ಸದ್ದು ಅಡುಗೆಮನೆಯಿಂದ ಬರುತ್ತೆ, ಕಾರಣ ಇನ್ನೆಲ್ಲೋ ಇರುತ್ತೆ' ಅಂದ. ಅಚ್ಚೂ ಬದಲಾಯಿತು. ಮಾರನೇ ದಿನ ಬೀದಿ ತಿರುಗುವ ಮೊದಲೇ ಮತ್ತೆ ಕಿರ್.

ಕಡೆಗೆ ಗಾಲಿಯ ಕಡ್ಡಿಗಳ ಮೇಲೆ ಅನುಮಾನ ಬಂತು. ಹೇಗೂ ಬಿಚ್ಚುವುದು ಅಂತ ಗಾಲಿಗಳನ್ನೇ ಬದಲಾಯಿಸಿದೆ, ಇನ್ನೂ ಹಗುರದ್ದು. ಆಹಾ! ಎತ್ತಿದರೆ ಖಾಲಿ ಬುಟ್ಟಿ. ತುಳಿಯುವುದು ಬಿಟ್ಟರೂ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಹಿಂದಿನ ಗಾಲಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಆ ಜೀರುಂಡೆಯ ನಡುವೆಯೂ ನಮ್ಮ ಹಳೇ ಗಿರಾಕಿ ಕಿರ್ ಅನ್ನುತ್ತಲೇ ಇತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನನಗೆ ಇಲಿಯೂ ಸಿಗಲಿಲ್ಲ.

ಸೀಟು ಅಗಲವಾಗಿತ್ತು, ಬದಲಾಯಿಸಿದೆ. ಹ್ಯಾಂಡಲ್ಲು ಎದೆಗೇ ಬರುತ್ತಿತ್ತು, ಅದನ್ನು ಹಿಡಿಯುವ ಕತ್ತನ್ನು ತೆಗೆಸಿ ಉದ್ದದ್ದು ಹಾಕಿಸಿದೆ. ತೆಗೆದದ್ದನ್ನೆಲ್ಲ ಒರೆಸಿ, ಬಟ್ಟೆ ಸುತ್ತಿ, ನಿಮ್ಮಮ್ಮನ ಬೀರುವಿನ ಕೆಳಗಿನ ಅರೆಯಲ್ಲಿಟ್ಟಿದ್ದೇನೆ. ಅವಳು ಕೊಟ್ಟದ್ದು, ಎಸೆಯಬಾರದು.

ಮಂಡಿ ನೋವು ಮಾತ್ರ ಬಿಡಲಿಲ್ಲ, ಅದಕ್ಕೆ ಸೀಟು ಇನ್ನಷ್ಟು ಮೇಲಕ್ಕೆ ಎಳೆದೆ. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ. 'ಈ ಗೆರೆ ಆಚೆ ಕಾಣಬಾರದು ಸಾರ್, ಕಂಡರೆ ಕಂಬ ಒಳಗೆ ಸಾಕಷ್ಟು ಇಲ್ಲ ಅಂತ ಅರ್ಥ' ಅಂತ ಡಾಕ್ಟ್ರು ಎರಡು ಸಲ ಎಚ್ಚರಿಸಿದ. ಅವನಿಗೇನು ಗೊತ್ತು? ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು ನಾನು. ಎಷ್ಟು ತಕ್ಕಡಿ, ಎಷ್ಟು ಲೀಟರು, ಬಟ್ಟೆ ಅಂಗಡಿಯ ಎಷ್ಟು ಮೀಟರ್ ಕೋಲು ಪರೀಕ್ಷೆ ಮಾಡಿ ಸೀಲು ಹೊಡೆದಿಲ್ಲ! ಯಾವ ಗೆರೆ ಎಳೆದವನೂ ಆಚೆ ಈಚೆ ಒಂದಿಷ್ಟು ಬಿಟ್ಟೇ ಎಳೆಯುತ್ತಾನೆ. ಅದಕ್ಕೆ ಪರ್ಮಿಸಿಬಲ್ ಎರರ್ ಅಂತ ಹೆಸರು. ಮನೆಗೆ ಬಂದು ನಾನೇ ಎರಡು ಬೆರಳಷ್ಟು ಮೇಲಕ್ಕೆ ಎಳೆದು ಬಿಗಿ ಮಾಡಿಕೊಂಡೆ. ಕಾಲು ನೆಟ್ಟಗಾಯಿತು, ಮಂಡಿ ನೋವು ಅರ್ಧ ಕಡಿಮೆ.

ಇನ್ನೊಂದು ಯೋಚನೆ ಇದೆ, ಈಗ ಹೇಳುವುದಿಲ್ಲ. ವೇರ್ ದೇರ್ ಈಸ್ ಎ ವಿಲ್, ದೇರ್ ಈಸ್ ಎ… ಮುಂದಿನದು ಮರೆತಿದೆ, ನಿನಗೆ ಗೊತ್ತಿರುತ್ತದೆ.

ಒಂದು ಸಾಲಾದರೂ ಬರೆ. ಬೈದೇ ಬರೆ.

ಇತಿ,
ಅಪ್ಪ

ನವೆಂಬರ್ 3

ಮಗಳೇ,

ಐ ರಿಗ್ರೆಟ್ ಟು ಇನ್ಫಾರ್ಮ್ ಯು ಅಂತ ಶುರುಮಾಡಿ ಆ ಹಾಳೆ ಹರಿದು ಹಾಕಿದೆ. ಇದು ನಾಲ್ಕನೇ ಹಾಳೆ.

ಹೋದ ತಿಂಗಳು ಹದಿನೇಳರ ಬೆಳಿಗ್ಗೆ ನಿನ್ನ ಮನೆಗೆ ಅಂತ ಸೈಕಲ್ಲಿನಲ್ಲಿ ಹೊರಟಿದ್ದೆ. ಹೇಳದೆ ಹೋಗಿ ಬೆಲ್ಲು ಒತ್ತಿದರೆ ಬಾಗಿಲು ತೆಗೆಯಲೇಬೇಕಲ್ಲ, ಅದೇ ನನ್ನ ಯೋಚನೆ. ಎರಡು ಬಾಟಲಿ ನೀರು, ಮೊಮ್ಮಗಳಿಗೆ ಬಣ್ಣದ ಪೆನ್ಸಿಲ್ಲು. ಹನ್ನೊಂದನೇ ಕಿಲೋಮೀಟರಿನ ಏರಿನಲ್ಲಿ ಟಪ್ ಅಂತ ಸದ್ದಾಗಿ ಸೀಟು ಹಿಂದಕ್ಕೆ ವಾಲಿತು, ನಾನು ಕೆಳಗೆ. ಅಂಗೈ ಸುಲಿಯಿತು, ಅಷ್ಟೇ, ಗಾಬರಿಯಾಗಬೇಡ. ನೋಡಿದರೆ ಸೀಟಿನ ಕಂಬ ಇಳಿಯುವ ಕೊಳವೆ ಬಾಯಿಂದ ಕೆಳಕ್ಕೆ ಸೀಳಿಬಿಟ್ಟಿತ್ತು. ಐದು ತಿಂಗಳಿಂದ ಕಿರ್ ಅನ್ನುತ್ತಿದ್ದದ್ದು ಅಲ್ಲಿಂದ. ಗಾಲಿಯೂ ಅಲ್ಲ, ಪೆಡಲೂ ಅಲ್ಲ. ನಾನು ಕೂತಿದ್ದ ಜಾಗದ ಕೆಳಗೇ.

ಡಾಕ್ಟ್ರು ಕೋಲನ್ನು ತೆಗೆಯಲೂ ಇಲ್ಲ. 'ನಾನು ಹೇಳಿದ್ದೆ ಸಾರ್, ಗೆರೆ' ಅಂದ. ಆಮೇಲೆ ಪಾಪ, 'ಕೊಂಡ ಅಂಗಡಿಗೇ ತಗೊಂಡೋಗಿ, ಕಂಪನಿಯವರು ಬದಲು ಕೊಟ್ಟರೂ ಕೊಡಬಹುದು' ಅಂದ. ರಸೀದಿ ಹುಡುಕಿ, ಊರಿನ ಆ ತುದಿಯ ಅಂಗಡಿಗೆ ಆಟೋದಲ್ಲಿ ಹಾಕಿಕೊಂಡು ಹೋದೆ. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಅಂಗಡಿ ನಡೆಸುವವಳು ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಮೊಣಕೈ ತನಕ ಮಸಿ. ಬಾಗಿಲಲ್ಲೇ ಸೈಕಲ್ಲಿನ ಗುರುತು ಹಿಡಿದಳು. ನನ್ನನ್ನಲ್ಲ, ಸೈಕಲ್ಲನ್ನು. 'ಅಯ್ಯೋ, ಇದು ಮೇಡಂದಲ್ವಾ! ಯಾರು ಹೀಗೆ ಮಾಡಿದ್ದು? ಮೇಡಂ ಬರಲಿಲ್ವಾ? ಗುರುವಾರ ಬರೋದೇ ಬಿಟ್ಟುಬಿಟ್ರು, ಹೊಸ ಸೈಕಲ್ ಬರುತ್ತಲ್ಲ ಅಂತ ನಮ್ಮನ್ನ ಮರೆತ್ರು ಅಂದ್ಕೊಂಡಿದ್ದೆ.'

ಬರಲಿಲ್ಲ ಅಂದೆ.

ಪ್ರತಿ ಗುರುವಾರ ನಿಮ್ಮಮ್ಮ ಲೈಬ್ರರಿಗೆ ಹೋಗುತ್ತಿದ್ದಳು ಅಂತ ನಾನು ತಿಳಿದಿದ್ದು. ಏಳು ತಿಂಗಳು ಅವಳು ಹೋದದ್ದು ಈ ಅಂಗಡಿಗಂತೆ. ಅವರದೊಂದು ಹಳೇ ಸೈಕಲ್ಲು ತಗೊಂಡು ಕೆರೆಯ ಸುತ್ತ ಮೊದಲು ಒಂದು ಸುತ್ತು, ಆಮೇಲೆ ನಾಲ್ಕು, ಆಮೇಲೆ ಒಂಬತ್ತು. 'ಮೊದಲನೇ ದಿನ ಎರಡು ಸಲ ಬಿದ್ರು ಸಾರ್. ಎತ್ತೋಕೆ ಹೋದ್ರೆ, ದೂರ ನಿಂತ್ಕೊಮ್ಮಾ, ನಾನು ಬೀಳೋದೂ ಕಲೀಬೇಕು ಅಂದ್ರು' ಅಂತ ನಕ್ಕಳು. ಒಂದು ಗುರುವಾರ ನಿಮ್ಮಮ್ಮನ ಕಣಕಾಲಿನ ಮೇಲೆ ಹಲ್ಲುಹಲ್ಲಾಗಿ ಕಪ್ಪು ಗುರುತು, ಚೈನಿನ ಮಸಿಯದ್ದು, ಇದ್ದದ್ದು ನೆನಪಾಯಿತು. ಏನೇ ಅದು ಅಂದಿದ್ದೆ. ಬಸ್ಸಿನ ಮೆಟ್ಟಿಲು ತಾಗಿತು ಅಂದಿದ್ದಳು. ಸೋಪು ಹಾಕಿ ತೊಳಿ ಅಂತ ನಾನು ಪೇಪರಿಗೆ ಮರಳಿದ್ದೆ.

ಆ ಹೆಣ್ಣುಮಗಳು ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟಳು. ಸೈಕಲ್ಲು ಹೇಳುವವರ ಅಳತೆ ಬರೆದಿಡುವ ಕಾರ್ಡು. ಒಳಗಾಲು, ಅಂದರೆ ತೊಡೆಸಂದಿನಿಂದ ಹಿಮ್ಮಡಿಯ ತನಕ, ಎಪ್ಪತ್ತೆರಡು. ತೋಳು ಐವತ್ತೆರಡು. ನನ್ನ ಒಳಗಾಲು ಎಂಬತ್ತಾರು, ಪುಟ್ಟಿ. ಹದಿನಾಲ್ಕು ಸೆಂಟಿಮೀಟರಿಗೆ ಯಾವ ಇಲಾಖೆಯಲ್ಲೂ ಪರ್ಮಿಸಿಬಲ್ ಎರರ್ ಇಲ್ಲ. ಕೆಳಗಡೆ, ಯಾತಕ್ಕೆ ಓಡಿಸುತ್ತೀರಿ ಅಂತ ಒಂದು ಸಾಲು ಇರುತ್ತದೆ. ವ್ಯಾಯಾಮ, ರೇಸು, ಆಫೀಸು ಅಂತ ಜನ ಬರೆಸುತ್ತಾರಂತೆ. ಅಲ್ಲಿ ನಿಮ್ಮಮ್ಮನೇ ಬರೆದಿದ್ದಳು, ಅವಳ ಆ ದುಂಡಗಿನ ಅಕ್ಷರ: 'ಮಗಳ ಮನೆಗೆ. ಯಾರನ್ನೂ ಕೇಳದೆ.'

ಕಾರಿನ ಕೀಲಿ ನನ್ನ ಜೇಬಿನಲ್ಲಿರುತ್ತಿತ್ತು. ಬಸ್ಸು ಬೇಡ, ಎರಡು ಕಡೆ ಬದಲಾಯಿಸಬೇಕು, ನಾನೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದೆ. ಈ ವಾರ ಬೇಡ, ಮುಂದಿನ ವಾರ. ಬಿಸಿಲು ಇಳಿಯಲಿ. ಮೊನ್ನೆ ತಾನೇ ಹೋಗಿದ್ದೆವಲ್ಲ. ಮೊಮ್ಮಗಳು ಹುಟ್ಟಿದಾಗ ಅವಳು ಹದಿಮೂರನೇ ದಿನ ಬಂದಳು, ನೆನಪಿದೆಯಾ? ಕಾರು ಸರ್ವೀಸಿಗೆ ಬಿಟ್ಟಿದ್ದೆ ಅಂತ ನಿನಗೆ ಹೇಳಿದ್ದೆ. ಬಿಟ್ಟಿರಲಿಲ್ಲ. ಕಟ್ಟೆಯ ಗೆಳೆಯರ ಜೊತೆ ಚೆಸ್ಸಿನ ಪಂದ್ಯವಿತ್ತು.

ಅಂಗಡಿಯವಳಿಗೆ ಆಗ ಹೇಳಿದೆ, ಮಾರ್ಚಿನಲ್ಲಿ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು, ನಾಲ್ಕು ದಿನ ಇದ್ದಳು ಅಂತ. ಅವಳು ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. 'ಹಾಗಾದ್ರೆ ಈ ಸೈಕಲ್ ಒಂದು ದಿನಾನೂ ಅವರು…' ಅಂದಳು. ಇಲ್ಲ ಅಂದೆ.

ನಿನಗೆ ಗೊತ್ತಿತ್ತು. ಅದಕ್ಕೇ ನೀನು ಸೈಕಲ್ಲು ಕೇಳಿದ್ದು. ನೀನು ಅವಳದೇ ಎತ್ತರ. ಅದು ಅಮ್ಮಂದು ಅಂತ ಒಂದು ಮಾತು ಹೇಳಬಾರದಿತ್ತೇ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು. ಹೇಳಿದ್ದರೆ ನಾನು ರಸೀದಿ ತೋರಿಸು ಅನ್ನುತ್ತಿದ್ದೆ.

ಕಂಪನಿಯವರು ಬದಲು ಕೊಡುವುದಿಲ್ಲ. ಗೆರೆ ಮೀರಿದ್ದು ನನ್ನ ತಪ್ಪು, ಅದು ಸರಿಯೇ. ಅದೇ ಕಾರ್ಡಿನ ಅಳತೆಗೆ ಇನ್ನೊಂದು ಫ್ರೇಮು ಹೇಳಿಬಂದಿದ್ದೇನೆ. ಐದು ತಿಂಗಳಾಗುತ್ತದಂತೆ. ಅದು ಅವಳದಾಗುವುದಿಲ್ಲ, ಗೊತ್ತು. ಆದರೆ ಬೀರುವಿನ ಕೆಳಗಿನ ಅರೆಯಲ್ಲಿರುವ ಸೀಟು, ಹ್ಯಾಂಡಲ್ಲಿನ ಕತ್ತು, ಆ ಎರಡು ಗಾಲಿ, ಅವು ಅವಳವೇ. ಅವಳೇ ಒಂದೊಂದಾಗಿ ಆರಿಸಿದ್ದಂತೆ. ಕಡ್ಡಿ ಕಡ್ಡಿಯನ್ನೂ ಒರೆಸಿದ್ದೇನೆ. ಹದಿನಾರನೇ ತಾರೀಕು ಬಸ್ಸಿನಲ್ಲಿ ತಂದು ನಿನ್ನ ಬಾಗಿಲ ಹತ್ತಿರ ಇಟ್ಟು ಹೋಗುತ್ತೇನೆ. ಎರಡು ಕಡೆ ಬದಲಾಯಿಸಬೇಕು, ಬದಲಾಯಿಸುತ್ತೇನೆ. ನೀನು ಬಾಗಿಲು ತೆಗೆಯಲೇಬೇಕು ಅಂತಿಲ್ಲ, ಬೆಲ್ಲು ಒತ್ತುವುದಿಲ್ಲ.

ನೀನೂ, ನಿನ್ನ ಮಗಳೂ, ಕೇಳದೆ ಎಲ್ಲಿಗೆ ಬೇಕಾದರೂ ಹೋಗಿಬರುವ ಹಾಗಿರಿ. ಈ ಮುದುಕನಿಗೆ ತೋಚುವ ಆಶೀರ್ವಾದ ಇಷ್ಟೇ.

ಇತಿ,
ಅಪ್ಪ

ತಾ.ಕ.: ಅವಳು ಅದನ್ನು ನನಗೇ ಕೊಂಡಳು ಅಂತ ಯಾಕೆ ತಿಳಿದೆ ಅಂತ ನೀನು ಕೇಳಬಹುದು. ಹೋದ ವರ್ಷ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಮಲಗುವ ಕೋಣೆಗೆ ಹೋದೆ. ಅವಳು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು, ಕೈಯಲ್ಲಿ ಹೊಲಿಗೆ ಟೇಪು. ಏನೇ ಇದು ಅಂದೆ. 'ಒಂದು ಸೈಕಲ್ ಹೇಳೋಣ ಅಂತ' ಅಂದಳು. ನಾನು ನಕ್ಕೆ. ಯಾರಿಗೆ, ನಿನಗಾ, ಅಂತ ಮಂಚದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಆಮೇಲೆ 'ನನಗ್ಯಾಕೆ, ನಿಮಗೇ' ಅಂದು ಟೇಪು ಸುತ್ತಿ ಡ್ರಾಯರಿನಲ್ಲಿಟ್ಟಳು. ನಾನು ನಂಬಿದೆ. ಅವಳು ಅಳೆಯುತ್ತಿದ್ದದ್ದು ಅವಳ ಕಾಲನ್ನೇ. ಅದನ್ನು ನಾನು ನೋಡಿದ್ದೆ, ಪುಟ್ಟಿ.